ಎರಡು ದಿನಕ್ಕೆ ಬೇಜಾರಾಗುವ ಕ್ಯಾಸೆಟ್ಟು

ನಂಜನಗೂಡಿನ ಒಬ್ಬ ಟಿವಿ ರಿಪೇರಿಯವರ ಅಂಗಡಿಯಲ್ಲಿ ವಿಡಿಯೋ ಗೇಮ್ ಕ್ಯಾಸೆಟ್ಟುಗಳೂ ಮಾರಾಟಕ್ಕಿದ್ದವು. ತೊಂಬತ್ತರ ದಶಕದ ಕೊನೆ. ಊರ ಪಕ್ಕದ ತಾಂಡ್ಯದ ಫ್ಯಾಕ್ಟರಿಗೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಆಸೆಪಟ್ಟು ಒಂದು ಗೇಮ್ ಸೆಟ್ಟು ಕೊಂಡಿದ್ದೆ. ಮೈಸೂರಿನಲ್ಲೂ ಸಿಗದ ಕ್ಯಾಸೆಟ್ಟೊಂದು ಅವರಲ್ಲಿತ್ತು: ಆಕಾಶದಲ್ಲಿ ರಾಕೆಟ್ಟು ಹಾರಿಸುತ್ತ ಶತ್ರುಗಳನ್ನು ಹೊಡೆದುರುಳಿಸುವ ಆಟ. ಕೇಳಿದಾಗಲೆಲ್ಲ ಅವರು ಕನ್ನಡಕವನ್ನು ಹಣೆಗೇರಿಸಿ, "ಬ್ಯಾಡಿ ಸಾ, ಎರಡೇ ದಿನಕ್ಕೆ ಬೇಜಾರಾಯ್ತದೆ" ಎನ್ನುತ್ತಿದ್ದರು. ಎಂಥ ಪ್ರಾಮಾಣಿಕ ವ್ಯಾಪಾರಿ ಎಂದು ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದೆ.

ಒಂದು ಭಾನುವಾರ ಹೋದರೆ, ರಿಪೇರಿಗೆ ಕೊಟ್ಟ ಟಿವಿ ಒಯ್ಯಲು ನರಸೀಪುರದ ಟೀಚರಮ್ಮ ಒಬ್ಬರು ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಅವರ ಟಿವಿಯಲ್ಲೇ ಆ ರಾಕೆಟ್ಟು ಹಾರುತ್ತಿತ್ತು, ಆಡುತ್ತಿದ್ದವರು ರಿಪೇರಿಯವರು.

"ವಾರದಿಂದ ಇದೇನಾ ನಿಮ್ಮ ರಿಪೇರಿ?" ಎಂದರು ಟೀಚರಮ್ಮ.

"ಕಲರ್ ನೋಡ್ತಾ ಇವ್ನಿ ಕಣಮ್ಮ, ಇನ್ನೊಂದೇ ನಿಮ್ಷ."

"ಕಲರ್ ಆಮೇಲೆ ನೋಡ್ರೀ! ಎಡಗಡೆಯಿಂದ ಒಬ್ಬ ಬರ್ತಿದಾನೆ, ಹೊಡೀರಿ!"

ನಾನು ಮೆಲ್ಲಗೆ ಕ್ಯಾಸೆಟ್ಟಿನ ಮಾತೆತ್ತಿದೆ. ರಿಪೇರಿಯವರು ಪರದೆಯಿಂದ ಕಣ್ಣು ಕೀಳದೆ, "ಬ್ಯಾಡಿ ಸಾ, ಎರಡೇ ದಿನಕ್ಕೆ ಬೇಜಾರಾಯ್ತದೆ" ಎಂದರು.

"ಹೂಂ, ತುಂಬಾ ಬೇಜಾರು" ಎಂದ ಟೀಚರಮ್ಮ, ಸ್ಟೂಲು ಎಳೆದುಕೊಂಡು ಕುಳಿತು, ಆಟೋದವನಿಗೆ ಹೋಗೆಂದು ಕೈಬೀಸಿದರು.