ಇಂಜಿನ್ ಇಳಿಸುವ ಮಾತು

ಮೊನ್ನೆ ಬೆಳಗ್ಗೆ ಒಲೆಯ ಮೇಲಿಟ್ಟ ರಾಗಿ ಗಂಜಿಯನ್ನು ಮರೆತು ಪೇಪರ್ ಓದುತ್ತಾ ಕೂತುಬಿಟ್ಟೆ. ಗಂಜಿ ಉಕ್ಕಿ, ತಳ ಹಿಡಿದು, ಸೀದ ವಾಸನೆ ಮನೆಯೆಲ್ಲ ತುಂಬಿತು. ಹೆಂಡತಿ ಬಂದು ಬೈದಳು. ಅದು ದಿನದ ಮಾತು, ಬಿಡಿ. ಆದರೆ ಆ ವಾಸನೆ ನನ್ನನ್ನು ಎಲ್ಲಿಗೆ ಒಯ್ದಿತೆಂದು ಅವಳಿಗೆ ಹೇಳಲಿಲ್ಲ. ಸೀದ ರಾಗಿ ಎಂದರೆ ನಿಮಗೆ ಅಡುಗೆಮನೆ ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಕಾರು.

ಎಂಬತ್ತರ ದಶಕದ ಕೊನೆಯ ಮಾತು. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ನಾನು ಹೊಸ ಮೇಷ್ಟ್ರು. ಮದುವೆಯಾಗಿರಲಿಲ್ಲ, ಸೋದರಮಾವನ ಮನೆಯಲ್ಲೇ ಊಟ, ಅಲ್ಲೇ ವಾಸ. ಮಾವ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಅವರ ಬಳಿ ವಿಲಾಯತಿಯಲ್ಲಿ ಹುಟ್ಟಿದ, ನಮ್ಮ ಸ್ವಾತಂತ್ರ್ಯಕ್ಕಿಂತ ಹಿರಿಯದಾದ ಒಂದು ಕರಿ ಕಾರಿತ್ತು. ಪ್ರತಿ ಭಾನುವಾರ ಮೆತ್ತನೆಯ ರೇಷ್ಮೆ ತುಂಡಿನಿಂದ ಅದನ್ನು ಅವರೇ ಒರೆಸುತ್ತಿದ್ದರು. ನಾನು ಅಡ್ಡ ಬಂದರೆ, ನನ್ನ ನೆರಳು ಬಿದ್ದರೂ ಬಣ್ಣ ಹೋಗುತ್ತದೇನೋ ಎಂಬಂತೆ ನೋಡುತ್ತಿದ್ದರು.

ಆ ಕಾರಿಗೆ ಕೈ ಹಾಕುವ ಹಕ್ಕು ಇದ್ದದ್ದು ಇನ್ನೊಬ್ಬರಿಗೆ ಮಾತ್ರ, ಚಿಂತಾಮಣಿಯ ಮೆಕ್ಯಾನಿಕ್ ರಹೀಂ ಸಾಬರಿಗೆ. ಮೆಲ್ಲಗೆ ಮಾತಾಡುವ ಸಣಕಲು ಮನುಷ್ಯ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದರೆಂದರೆ ನೋವು ಎಲ್ಲಿದೆಯೆಂದು ಅವರಿಗೆ ತಿಳಿದುಹೋಗುತ್ತಿತ್ತು. ಮಾವನ ಮಾತು ಕೇಳಿಯೇ ಶಿಡ್ಲಘಟ್ಟದ ರೇಷ್ಮೆ ಗೂಡಿನ ವ್ಯಾಪಾರಿಗಳು ತಮ್ಮ ಕಾರು, ಜೀಪುಗಳನ್ನೆಲ್ಲ ಅವರ ಶೆಡ್ಡಿಗೆ ಕಳಿಸುತ್ತಿದ್ದರು.

ಆ ವರ್ಷ ರಹೀಂ ಸಾಬರು ರೇಡಿಯೇಟರನ್ನೆಲ್ಲ ಬಿಚ್ಚಿ, ತೊಳೆದು, ಬೆಸುಗೆ ಹಾಕಿ ಕೊಟ್ಟ ಮೇಲೆ ಮಾವ ಹತ್ತು ದಿನ ಮಗಳ ಮನೆಗೆ ಹೋದರು. ದಿನಾ ಐದು ನಿಮಿಷ ಇಂಜಿನ್ ಓಡಿಸು, ಗೇಟು ಮಾತ್ರ ದಾಟಿಸಬೇಡ ಎಂದು ಹೇಳಿ ಕೀ ಕೊಟ್ಟರು. ನಾನು ಗೇಟು ದಾಟಿಸಿದ್ದು ಮಾತ್ರವಲ್ಲ, ಗೌರಿಬಿದನೂರಿನವರೆಗೂ ಹೋದೆ. ಅಲ್ಲೊಂದು ಹೆಣ್ಣು ನೋಡುವುದಿತ್ತು. ಬಸ್ಸಿನಲ್ಲಿ ಹೋಗಿ ಇಳಿಯುವ ಮೇಷ್ಟ್ರಿಗೂ ಕಾರಿನಲ್ಲಿ ಹೋಗಿ ಇಳಿಯುವ ಮೇಷ್ಟ್ರಿಗೂ ವ್ಯತ್ಯಾಸ ಇದೆಯಲ್ಲ. ಹುಡುಗಿಯ ಅಪ್ಪ ಕಾರನ್ನು ಮೂರು ಸುತ್ತು ಬಂದು ನೋಡಿದರು, ನನ್ನನ್ನು ಒಂದೇ ಸಲ ನೋಡಿದರು. ಸಂಬಂಧ ಅಲ್ಲಿಗೇ ಮುಗಿಯಿತು.

ಅದೇ ಸಿಟ್ಟಿನಲ್ಲಿ ವಾಪಸು ಬರುವಾಗ ಮಂಚೇನಹಳ್ಳಿಯ ಹತ್ತಿರ ಹೊಸದಾಗಿ ಹರಡಿದ್ದ ಜಲ್ಲಿಯ ಮೇಲೆ ಜೋರಾಗಿ ಬಿಟ್ಟೆ. ಕಲ್ಲೊಂದು ಸಿಡಿದು ರೇಡಿಯೇಟರಿಗೆ ಬಡಿಯಿತು, ನೀರು ಸೋರತೊಡಗಿತು. ರಸ್ತೆ ಪಕ್ಕದ ಮನೆಯ ಅಜ್ಜಿಯೊಬ್ಬಳು ನೀರು ಕೊಟ್ಟು, ಒಂದು ಹಿಡಿ ರಾಗಿ ಹಿಟ್ಟು ಹಾಕಿದರೆ ತೂತು ಮುಚ್ಚಿಕೊಳ್ಳುತ್ತದೆ, ಲಾರಿಯವರು ಹಾಗೇ ಮಾಡುತ್ತಾರೆ ಎಂದಳು. ಹಾಕಿದೆ. ಸೋರುವುದು ನಿಜಕ್ಕೂ ನಿಂತಿತು. ಅಲ್ಲಿಗೆ ಸುಮ್ಮನಿರಬೇಕಿತ್ತು. ರಾಗಿ ತಿಂದವನು ನಿರೋಗಿ ಎಂದು ಕೇಳುತ್ತಾ ಬೆಳೆದವನು ನಾನು. ಒಂದು ಹಿಡಿಗೇ ಇಷ್ಟು ಗುಣವಾದರೆ ಹೆಚ್ಚು ಹಾಕಿದರೆ ಇನ್ನೂ ಒಳ್ಳೆಯದೆಂದು ಅಜ್ಜಿಯಿಂದ ಇನ್ನೊಂದು ಸೇರು ಇಸಿದುಕೊಂಡು ಅದನ್ನೂ ಸುರಿದೆ. ಊರು ಮುಟ್ಟುವಷ್ಟರಲ್ಲಿ ಬಾನೆಟ್ಟಿನಿಂದ ಸೀದ ವಾಸನೆ ಬರುತ್ತಿತ್ತು. ನಾಲ್ಕು ಕೊಡ ನೀರು ಹಾಯಿಸಿ ರೇಡಿಯೇಟರ್ ತೊಳೆದೆ. ಇಂಜಿನ್ನಿನ ಒಳಗೆ ಹೋಗಿ ಕೂತದ್ದನ್ನು ತೊಳೆಯುವುದು ಹೇಗೆಂದು ನನಗೇನು ಗೊತ್ತು?

ಮಾವ ಬಂದ ವಾರಕ್ಕೇ ಕಾರು ಚಿಂತಾಮಣಿ ರಸ್ತೆಯಲ್ಲಿ ಕುದಿದು ನಿಂತಿತು. ಒಳಗಿನಿಂದ ಕಟಕಟ ಸದ್ದು ಬೇರೆ. ಕಾರಿಗೆ ಕೊನೆಯದಾಗಿ ಕೈ ಹಾಕಿದವರು ರಹೀಂ ಸಾಬರು ತಾನೆ, ಹಾಳಾದದ್ದು ಅವರಿಂದಲೇ. ಮಾವ ಅಂಗಡಿ ಬೀದಿಯಲ್ಲಿ ನಾಲ್ಕು ಜನರ ಮುಂದೆ ಹಾಗೆಂದೇ ಹೇಳಿದರು. ಆ ನಾಲ್ವರಲ್ಲಿ ಇಬ್ಬರು ಮರುದಿನದಿಂದಲೇ ತಮ್ಮ ಗಾಡಿಗಳನ್ನು ಬೇರೆ ಕಡೆ ಕಳಿಸತೊಡಗಿದರು. ನಾನು ಅಲ್ಲೇ, ಮಾವನ ಪಕ್ಕದಲ್ಲೇ, ತರಕಾರಿ ಚೀಲ ಹಿಡಿದು ನಿಂತಿದ್ದೆ.

ಸುದ್ದಿ ಮುಟ್ಟಿ ರಹೀಂ ಸಾಬರು ತಾವಾಗಿಯೇ ಬಸ್ಸು ಹತ್ತಿ ಬಂದರು. ರೇಡಿಯೇಟರಿನ ಮುಚ್ಚಳ ತೆಗೆದು ಬಗ್ಗಿ ನೋಡಿದರು. ಮತ್ತೆ ಮುಚ್ಚಿದರು. ಸ್ಕ್ರೂಡ್ರೈವರನ್ನು ಕಿವಿಗಿಟ್ಟು ಬಹಳ ಹೊತ್ತು ಕೇಳಿದರು. ಕೊನೆಗೆ ಎದ್ದು ಕೈ ಒರೆಸಿಕೊಂಡು ಹೇಳಿದರು:

"ಇಂಜಿನ್ ಇಳಿಸ್ಬೇಕು ಸ್ವಾಮಿ. ಪೂರ್ತಿ ಬಿಚ್ಚಿದ್ರೇನೇ ಒಳಗೇನಾಗಿದೆ ಅಂತ ಕಾಣ್ತದೆ. ನೀವೂ ಎದುರಿಗೇ ನಿಂತ್ಕೊಂಡು ನೋಡಿ."

ಮಾವನ ಮುಖ ಇಳಿದುಹೋಯಿತು. ಕಾರ್ಖಾನೆಯಲ್ಲಿ ಕೂರಿಸಿದ ಇಂಜಿನ್ ಅದು, ಅಂದಿನಿಂದ ಒಮ್ಮೆಯೂ ಕೆಳಗಿಳಿದದ್ದಲ್ಲ. ಒಂದು ಸಲ ಇಳಿಸಿದ ಇಂಜಿನ್ ಮತ್ತೆ ಹಾಗೆಯೇ ಕೂರುವುದಿಲ್ಲ ಎಂಬ ಮಾತನ್ನು ಅವರು ಬಲವಾಗಿ ನಂಬಿದ್ದರು. ಅತ್ತಿತ್ತ ಓಡಾಡಿದರು. ಆಮೇಲೆ ನನ್ನತ್ತ ತಿರುಗಿದರು.

"ನೀನು ನಾಲ್ಕಕ್ಷರ ಓದಿರೋನು. ಹೇಳಪ್ಪ, ಇಳಿಸಣಾ ಬೇಡ್ವಾ?"

ಇಳಿಸಿದರೆ ರಾಗಿ ಹೊರಗೆ ಬರುತ್ತದೆ. ಇಳಿಸದಿದ್ದರೆ ಕೆಟ್ಟ ಹೆಸರು ರಹೀಂ ಸಾಬರ ತಲೆಗೇ ಕಟ್ಟಿಕೊಳ್ಳುತ್ತದೆ. ಇಷ್ಟು ಸ್ಪಷ್ಟವಾದ ಲೆಕ್ಕವನ್ನು ನಾನು ಬೋರ್ಡಿನ ಮೇಲೂ ಬರೆದವನಲ್ಲ. ಹಳೆಯ ವಸ್ತುವಿನ ಮರ್ಯಾದೆ, ಕಂಪನಿಯವರ ಕೈಚಳಕ ಎಂದೆಲ್ಲ ಒಂದು ಭಾಷಣ ಬಿಗಿದು, ಬೇಡ ಮಾವ ಎಂದೆ. ರಹೀಂ ಸಾಬರು ನನ್ನ ಮುಖವನ್ನೇ ನೋಡುತ್ತಿದ್ದರು.

ಆದರೂ ಮಾವನಿಗೆ ಸಮಾಧಾನವಾಗಲಿಲ್ಲ. ಅವರು ಇಂಥ ಇಕ್ಕಟ್ಟಿನಲ್ಲಿ ಸದಾ ಮಾಡುತ್ತಿದ್ದುದನ್ನೇ ಮಾಡಿದರು. ಮೂವರೂ ಆಂಜನೇಯನ ಗುಡಿಗೆ ನಡೆದೆವು, ಹೂ ಕೇಳುವುದಕ್ಕೆ. ಬಲಗಡೆಯ ಹೂ ಬಿದ್ದರೆ ಇಳಿಸುವುದು, ಎಡಗಡೆಯದು ಬಿದ್ದರೆ ಬೇಡ. ರಹೀಂ ಸಾಬರು ಚಪ್ಪಲಿ ಬಿಟ್ಟು ಹೊರಗಿನ ಕಟ್ಟೆಯ ಮೇಲೆ ಕೂತರು. ಪೂಜಾರಿ ಮಂಗಳಾರತಿ ಮಾಡಿದರು. ಮಾವ ಕೈ ಮುಗಿದು ಕಣ್ಣು ಮುಚ್ಚಿದ್ದರು. ನಾನು ಕಣ್ಣು ಮುಚ್ಚಲಿಲ್ಲ. ಎಡಗಡೆಯ ಹೂವನ್ನೇ ದಿಟ್ಟಿಸುತ್ತಾ, ಬೀಳಪ್ಪಾ, ಬಿದ್ದುಬಿಡಪ್ಪಾ ಎಂದು ಬೇಡುತ್ತಿದ್ದೆ. ಕಾಲು ಗಂಟೆ ಕಳೆದಿರಬೇಕು. ಎಡಗಡೆಯದೇ ಬಿತ್ತು.

ಮಾವ ಹೊರಗೆ ಬಂದು, ದೇವರು ಬೇಡ ಅಂದ ಎಂದರು. ರಹೀಂ ಸಾಬರು ಆಗಲಿ ಸ್ವಾಮಿ ಎಂದು ಸಾಮಾನಿನ ಚೀಲ ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿನ ಕಡೆ ಹೊರಟರು. ಆ ಎರಡು ಮಾತು ನನ್ನನ್ನು ನಿಲ್ಲಗೊಡಲಿಲ್ಲ. ಏನೋ ನೆಪ ಹೇಳಿ ಹಿಂದೆಯೇ ಓಡಿದೆ. ಬಸ್ಸಿನ ಪಕ್ಕದಲ್ಲಿ ನಿಂತು, ಗೌರಿಬಿದನೂರಿನಿಂದ ಹಿಡಿದು ಅಜ್ಜಿಯ ಸೇರಿನವರೆಗೂ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ಗೊತ್ತಿತ್ತು ಮೇಷ್ಟ್ರೇ," ಎಂದರು. "ಮುಚ್ಚಳ ತೆಗ್ದಾಗ್ಲೇ ವಾಸ್ನೆ ಬಂತು. ನಾನು ಬಾಯಿಬಿಟ್ರೆ, ತಪ್ಪಿಸ್ಕೊಳ್ಳೋಕೆ ಹೇಳ್ತಾನೆ ಅಂತಾರೆ. ಇಂಜಿನ್ ಇಳಿದಿದ್ರೆ ಅದೇ ಹೇಳ್ತಿತ್ತು. ಯಾರೂ ಮಾತಾಡ್ಬೇಕಾಗಿರ್ಲಿಲ್ಲ."

ಈಗಲೇ ಹೋಗಿ ಮಾವನಿಗೆ ಹೇಳಿಬಿಡಲೇ ಎಂದು ಕೇಳಿದೆ.

"ಅದನ್ನೂ ನನ್ನೇ ಕೇಳ್ತೀರಾ?" ಎಂದು ಅವರು ಬಸ್ಸು ಹತ್ತಿದರು.

ಹೇಳಿಯೇ ತೀರುತ್ತೇನೆಂದು ಮನೆಗೆ ಬಂದೆ. ಮಾವ ಆ ಹೂವನ್ನು ಸ್ಟೇರಿಂಗಿನ ಮುಂದೆ ಇಟ್ಟು, ಎಷ್ಟೋ ದಿನದ ಮೇಲೆ ನಗುತ್ತಾ ನಿಂತಿದ್ದರು. ನೀನು ಹೇಳಿದ್ದೂ ಸ್ವಾಮಿ ಹೇಳಿದ್ದೂ ಒಂದೇ ಆಯಿತು ನೋಡು ಎಂದು ನನ್ನ ಬೆನ್ನು ತಟ್ಟಿದರು. ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ.

ಕಾರು ಇನ್ನೆರಡು ತಿಂಗಳು ಏದುಸಿರು ಬಿಟ್ಟು ನಿಂತೇಹೋಯಿತು. ಶಿಡ್ಲಘಟ್ಟದಿಂದ ಒಂದು ಗಾಡಿಯೂ ರಹೀಂ ಸಾಬರ ಶೆಡ್ಡಿಗೆ ಹೋಗದಂತಾಯಿತು. ಅವರು ಪಂಪ್‌ಸೆಟ್ ರಿಪೇರಿಗೆ ಇಳಿದರೆಂದು ಯಾರೋ ಹೇಳಿದರು. ಚಿಂತಾಮಣಿಯ ಮೇಲೆ ಹೋಗುವಾಗ, ಶೆಡ್ಡಿನ ಹತ್ತಿರ ಬಸ್ಸು ಬಂದರೆ ನಾನು ಇನ್ನೊಂದು ಪಕ್ಕದ ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ. ನಾಚಿಕೆಗೇಡು, ಇನ್ನೇನು ಹೇಳಲಿ.

ಮಾವ ಹೋಗಿ ಬಹಳ ವರ್ಷಗಳಾದವು. ಕಾರು ಈಗ ಚಿಕ್ಕಬಳ್ಳಾಪುರದಲ್ಲಿ ಅವರ ಮಗಳು ಸರೋಜಳ ಹಿತ್ತಲಿನಲ್ಲಿದೆ. ನಿನ್ನೆ ಅವಳ ಮಗ ಫೋನ್ ಮಾಡಿದ್ದ. ಕಾರನ್ನು ಮತ್ತೆ ಓಡಿಸುವ ಆಸೆಯಂತೆ.

"ಅಂಕಲ್, ಇಂಜಿನ್ ಇಳಿಸ್ಬೇಕಂತೆ. ಚಿಂತಾಮಣಿ ಮೆಕ್ಯಾನಿಕ್ ಹಾಳು ಮಾಡಿದ್ದು ಅಂತ ಅಮ್ಮ ಯಾವಾಗ್ಲೂ ಹೇಳ್ತಾರೆ. ತಾತ ಬೇರೆ ಬೇಡ ಅಂದಿದ್ರಂತೆ. ಏನ್ ಮಾಡಣ?"

ಆ ಕೆಟ್ಟ ಹೆಸರು ಇನ್ನೂ ರಹೀಂ ಸಾಬರ ಮೇಲೇ ಇದೆ! ಅಮ್ಮನನ್ನು ಕರೆ, ಅವಳೂ ಕೇಳಿಸಿಕೊಳ್ಳಲಿ ಎಂದೆ. ಸರೋಜ ಬಂದಳು. ಇಂಜಿನ್ ಇಳಿಸಿ, ಒಳಗೆ ಕಲ್ಲಿನಂತೆ ಗಟ್ಟಿಯಾದ ರಾಗಿ ಸಿಗುತ್ತದೆ, ಹಾಕಿದವನು ನಾನು ಎಂದು ಹೇಳಿ, ಉಳಿದದ್ದನ್ನೂ ಹೇಳಿದೆ.

"ರಹೀಂ ಸಾಬ್ರು ಇನ್ನೂ ಇದಾರಾ?" ಎಂದು ಸರೋಜ ಕೇಳಿದಳು.

"ಗೊತ್ತಿಲ್ಲ ಕಣೇ," ಎಂದೆ.

"ಮೊದ್ಲು ಹೋಗಿ ಅದನ್ನ ತಿಳ್ಕೊಂಡು ಬಾ. ಇಂಜಿನ್ ಆಮೇಲೆ ಇಳಿಸಣ."