ಅನಗೋಳದ ಅಡುಗೆಮನೆ ಗೋಡೆ

ಬೆಳಗಾವಿಯ ಅನಗೋಳದಲ್ಲಿ ಒಂದು ಹಳೆಯ ಮನೆಯ ಅಡುಗೆಕೋಣೆಯನ್ನು ನಕ್ಷೆ ಹಾಕಿ ಹೊಸದಾಗಿ ಮಾಡಿಕೊಡಲು ಹೋಗಿದ್ದೆ. ಆ ಮನೆಯ ಸೊಸೆ ಸುವರ್ಣಾಗೆ ಕಾರ್ಖಾನೆಯಂಥ ಅಡುಗೆಮನೆ ಬೇಕಿತ್ತು. ಗಿಲಾವಿಲ್ಲದ ಬರಿ ಇಟ್ಟಿಗೆಯ ಗೋಡೆ, ಕಬ್ಬಿಣದ ಕಪಾಟು, ಸ್ಟೀಲಿನ ಕಟ್ಟೆ, ಎಲ್ಲಕ್ಕೂ ಮಾವ ಒಪ್ಪಿದರು. ಹಾಲ್ ಕಡೆಯ ಗೋಡೆ ಒಡೆಯಬೇಕು ಎಂದಾಗ ಮಾತ್ರ ಅಡ್ಡ ನಿಂತರು.

“ಮನಿಗೆ ಬಂದವರಿಗೆ ಅಡಿಗಿ ಮಾಡೋರು ಕಾಣಬಾರದ್ರಿ,” ಎಂದು ನನಗೆ ಹೇಳಿದರು.

ಉತ್ತರ ಕೊಟ್ಟವಳು ಸುವರ್ಣಾ. “ನಾ ಮಾಡಿದ ಊಟ ಕಾಣಬೇಕು, ನಾ ಕಾಣಬಾರದೇನ್ರಿ ಮಾವಾರ? ಗೋಡಿ ಇರೂದಾದ್ರ ಅದರ ಹಿಂದ ನೀವ ನಿಂತು ಅಡಿಗಿ ಮಾಡ್ರಿ.”

ಮಾವ ನನ್ನ ಮುಖ ನೋಡಿದರು. ನಾನು ನಕ್ಷೆ ಬದಲಿಸಲಿಲ್ಲ. ಗೋಡೆ ಬಿತ್ತು.

ಮೊನ್ನೆ ಹೋದಾಗ ಮಾವ ಹಾಲ್‌ನ ಸೋಫಾದಲ್ಲಿ ಕುಳಿತೇ ಒಗ್ಗರಣೆಗೆ ಸಲಹೆ ಕೊಡುತ್ತಿದ್ದರು. ಸುವರ್ಣಾ ಉಳ್ಳಾಗಡ್ಡಿ, ಚಾಕು ತಂದು ಅವರ ಮುಂದಿಟ್ಟು, “ಸಣ್ಣಗ ಹೆಚ್ಚರಿ,” ಅಂದಳು.

ಊಟ ತುಸು ತಡವಾಯಿತು. ಸಲಹೆ ಮಾತ್ರ ಅಲ್ಲಿಗೇ ನಿಂತಿತು.