ಸಾಲಿನಲ್ಲಿ ನಿಲ್ಲದ ಆಕಳು

ಬಿಸಿಲಿಗೆ ಕಾದ ಶಹಾಬಾದ ಫರಸಿಕಲ್ಲಿನ ಮೇಲೆ ಒಂದು ತಂಬಿಗೆ ನೀರು ಸುರಿದು ನೋಡಿ. ಒಂದು ವಾಸನೆ ಏಳುತ್ತದೆ. ಮಣ್ಣಿನದಲ್ಲ, ಸುಣ್ಣದ್ದೂ ಅಲ್ಲ. ನಮ್ಮ ಕಡೆ ಹುಟ್ಟಿ ಬೆಳೆದವರಿಗೆ ಅದನ್ನು ಬಣ್ಣಿಸಿ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳಿ ಪ್ರಯೋಜನವಿಲ್ಲ. ನಿನ್ನೆ ಮಧ್ಯಾಹ್ನ ನನ್ನ ಸೊಸೆ ತುಳಸಿ ಕಟ್ಟೆಯ ಮುಂದೆ ನೀರು ಹಾಕಿ ತೊಳೆದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಹೊಟ್ಟೆಕಿಚ್ಚಾಯಿತು.

ನಗಬೇಡಿ. ಬೇರೆಯವರಿಗೆ ವಾಸನೆಯಿಂದ ತವರುಮನೆ ನೆನಪಾಗುತ್ತದೆ, ಅವ್ವನ ಕೈಯಡಿಗೆ ನೆನಪಾಗುತ್ತದೆ. ನನಗೆ ನೆನಪಾಗುವುದು ನನ್ನ ಮೈದುನನ ಹೆಂಡತಿ, ನನ್ನ ನೆಗೆಣಿ ಗೋದಾವರಿ. ಅವಳು ತೀರಿಕೊಂಡು ವರ್ಷಗಳೇ ಆದವು. ಹೊಟ್ಟೆಕಿಚ್ಚಿಗೆ ಮಾತ್ರ ಅದು ಇನ್ನೂ ಗೊತ್ತಾದಂತಿಲ್ಲ.

ನಾನು ಈ ಚಿಂಚೋಳಿಯ ಮನೆಗೆ ಹಿರಿಸೊಸೆಯಾಗಿ ಬಂದಾಗ ನಮ್ಮದು ನಿಜಾಮರ ರಾಜ್ಯ. ಮಾವನವರು ಕಚೇರಿಯಲ್ಲಿ ದಿನವಿಡೀ ಉರ್ದು ಬರೆದು, ಮನೆಗೆ ಬಂದು ಸ್ನಾನ ಮಾಡಿ, ಸಂಜೆ ಪುರಾಣ ಓದುತ್ತಿದ್ದರು. ಅತ್ತೆಯವರ ಮಡಿ ಎಂದರೆ ಓಣಿಗೇ ಹೆದರಿಕೆ. ಆ ಮನೆಯಲ್ಲಿ ನನಗೆ ಹೆಸರು ಬರುವ ದಾರಿ ಒಂದೇ ಇತ್ತು. ಹೇಳಿದ್ದನ್ನು ಹೇಳಿದ ಹಾಗೆ, ದಿನಾಲೂ, ತಪ್ಪದೆ ಮಾಡುವುದು. ಅದು ನನಗೆ ಒಗ್ಗಿತ್ತು ಕೂಡ. ನನ್ನ ಹಪ್ಪಳಗಳನ್ನು ಒಂದರ ಮೇಲೊಂದು ಇಟ್ಟರೆ ಅಂಚು ಹೊರಗೆ ಇಣುಕುತ್ತಿರಲಿಲ್ಲ. ಅತ್ತೆಯವರು ಅದನ್ನು ಬಾಯಿಬಿಟ್ಟು ಹೊಗಳಿದವರಲ್ಲ. ಒಂದು ಸಲ ನೋಡಿ "ಹೂಂ" ಅಂದಿದ್ದರು. ಆ "ಹೂಂ" ಮೇಲೆ ನಾನು ಎರಡು ವರ್ಷ ಬದುಕಿದೆ.

ಆಮೇಲೆ ಗೋದೂ ಬಂದಳು, ವಾಡಿಯಿಂದ. ಅವಳ ಅಪ್ಪ ರೈಲ್ವೆಯಲ್ಲಿದ್ದರು. ಹತ್ತೂರಿನ ಜನ ಇಳಿದು ಹತ್ತುವ ಸ್ಟೇಷನ್ನಿನ ಪಕ್ಕದಲ್ಲಿ ಬೆಳೆದದ್ದಕ್ಕೋ ಏನೋ, ಅವಳ ಮನಸ್ಸಿನಲ್ಲೂ ಒಂದು ಗಾಡಿ ಬರುವುದು, ಒಂದು ಹೋಗುವುದು ನಡೆದೇ ಇರುತ್ತಿತ್ತು. ಬಂದ ವರ್ಷ ಮಣಿ ಪೋಣಿಸುವ ಶೋಕು. ಬಾಗಿಲಿಗೆ ಮಣಿ ತೋರಣ ಮಾಡುತ್ತೇನೆಂದು ಕೂತು, ಎರಡು ಗಿಣಿಗಳನ್ನು ಎದುರುಬದುರು ಕೂಡಿಸಿದಳು. ಹಸಿರು ಮೈ, ಕೆಂಪು ಕೊಕ್ಕು, ಕುತ್ತಿಗೆಗೆ ಒಂದು ಕರಿ ಎಳೆ. ಗಿಣಿ ಮುಗಿದ ಕೂಡಲೇ ಅವಳ ಆಸೆಯೂ ಮುಗಿಯಿತು. ಸುತ್ತಲಿನ ಬಿಳಿ ಬಯಲು ಹಾಗೇ ಉಳಿಯಿತು.

"ಅಕ್ಕಾ, ಇನ್ನ ಬರೇ ಬಿಳೀದು ಅದರಿ. ಅದರಾಗೇನದ?" ಅಂದಳು.

ಅತ್ತೆಯವರು ನನ್ನ ಕಡೆ ನೋಡಿದರು. "ಅರ್ಧಾ ಬಿಟ್ಟದ್ದು ಮನ್ಯಾಗ ಇರಬಾರದು. ನೀ ಮುಗಸು."

ಮುಗಿಸಿದೆ. ದೀಪಾವಳಿಯತನಕ ಬಿಳಿ ಮಣಿ ಪೋಣಿಸಿದೆ. ತೋರಣ ಬಾಗಿಲಿಗೆ ಏರಿದ ದಿನದಿಂದ ಬಂದವರೆಲ್ಲ "ಗೋದೂಬಾಯಿ ಗಿಣಿ ನೋಡ್ರಿ, ಮಾತಾಡಾಕತ್ತಾವ" ಅನ್ನತೊಡಗಿದರು. ಬಿಳಿ ಬಹಳ ಚೆನ್ನಾಗಿದೆ ಎಂದು ಹೇಳಿದ ಒಬ್ಬ ಪ್ರಾಣಿಯನ್ನು ನಾನು ಇವತ್ತಿನವರೆಗೂ ಕಂಡಿಲ್ಲ.

ಗಿಣಿಯ ನಂತರ ಹಾರ್ಮೋನಿಯಂ ಬಂತು, ವಾಡಿಯ ಅಣ್ಣನದು. ನಾನು ಏಳು ವರ್ಷದವಳಿದ್ದಾಗಿನಿಂದ ಹೇಳುತ್ತ ಬಂದ ಆರತಿ ಹಾಡಿನ ಧಾಟಿಯನ್ನು ಅವಳು ಒಂದು ಸಂಜೆಯಲ್ಲಿ ಪೆಟ್ಟಿಗೆಯ ಕಪ್ಪು-ಬಿಳಿ ಮನೆಗಳ ಮೇಲೆ ಬೆರಳಾಡಿಸಿ ಹುಡುಕಿ ತೆಗೆದಳು. ಮಾವನವರು ಪುರಾಣ ಮುಚ್ಚಿಟ್ಟು ಕೇಳಿದರು. ಮಳೆಗಾಲ ಬರುವ ಹೊತ್ತಿಗೆ ಹಾರ್ಮೋನಿಯಂ ಅಟ್ಟ ಸೇರಿತ್ತು, ಗೋದೂ ಎದುರುಮನೆಯ ರಹಮತ್ ಬೀ ಹತ್ತಿರ ಜರಿ ಕೆಲಸ ಕಲಿಯಲು ಕೂತಿದ್ದಳು. ಕಟ್ಟಿಗೆಯ ಚೌಕಟ್ಟಿಗೆ ಬಟ್ಟೆ ಬಿಗಿದು, ಕೆಳಗಿನಿಂದ ದಾರ ಎಳೆದು, ಒಂದು ಮಾವಿನಕಾಯಿ, ಅದರ ಹೊಟ್ಟೆಯಲ್ಲಿ ಒಂದು ಹೂವು. ಅದೂ ಅಷ್ಟೇ. ನಾಲ್ಕು ಮೂಲೆಯ ಮಾವಿನಕಾಯಿಯಲ್ಲಿ ಮೂರನೆಯದಕ್ಕೆ ಬೇಸರ ಬಂತು.

ರಹಮತ್ ಬೀ ನಮ್ಮ ಕಟ್ಟೆಗೆ ಬಂದು ನನ್ನ ಮುಂದೆ ದೂರು ಹೇಳಿದಳು. "ಎಂಥಾ ಕೈ ಕೊಟ್ಟಾನ ಅಲ್ಲಾ ಈ ಪೋರಿಗಿ! ದಿಲ್ ಮಾತ್ರ ಒಂದ್ ಕಡಿ ನಿಲ್ಲಂಗಿಲ್ಲ. ನಿನ್ನ ದಿಲ್ ಆಕಿಗಿ ಇರಬೇಕಾಗಿತ್ತು ನೋಡು ಬೇಟಿ."

ನನ್ನ ಸಮಾಧಾನಕ್ಕೆಂದೇ ಹೇಳಿದ ಮಾತು ಅದು. ನನಗೆ ಕೇಳಿಸಿದ್ದು ಅವಳು ಹೇಳದೆ ಬಿಟ್ಟ ಇನ್ನೊಂದು ಅರ್ಧ. ಅವಳ ಕೈ ನನಗಿರಬೇಕಾಗಿತ್ತು. ಇರಲಿಲ್ಲ.

ಹೀಗಿದ್ದರೂ ನನ್ನದೇ ಎನ್ನುವಂಥದ್ದು ಒಂದಿತ್ತು, ಗೋಪದ್ಮ ವ್ರತ. ನಮ್ಮ ವೈಷ್ಣವರ ಮನೆಗಳಲ್ಲಿ ಆಷಾಢದಿಂದ ಕಾರ್ತಿಕದವರೆಗೆ ನಾಲ್ಕು ತಿಂಗಳು ದಿನಾ ಬೆಳಿಗ್ಗೆ ತುಳಸಿಯ ಮುಂದೆ ರಂಗೋಲಿಯಲ್ಲಿ ಆಕಳ ಹೆಜ್ಜೆ ಬರೆಯುವ ವ್ರತವಿದು. ಮೂವತ್ತಮೂರು ಹೆಜ್ಜೆ, ಹೀಗೆ ಐದು ವರ್ಷ. ಎರಡು ಬಾದಾಮಿ ಬೀಜ ಜೋಡಿಸಿಟ್ಟಂತೆ ಒಂದೊಂದು ಹೆಜ್ಜೆ. ನಾನು ಮೂರು ಸಾಲು ಹಾಕುತ್ತಿದ್ದೆ, ದಾರ ಹಿಡಿದು ಎಳೆದಷ್ಟು ನೇರ. ಒಂದೇ ಕೊರತೆ, ಅದನ್ನೂ ಹೇಳಿಬಿಡುತ್ತೇನೆ. ಮೂರನೆಯ ಸಾಲಿನ ಕೊನೆಗೆ ಒಂದು ಕಂಬ ಅಡ್ಡ ಬರುತ್ತಿತ್ತು. ಅಲ್ಲಿ ಜಾಗ ಸಾಲದೆ ಕಡೆಯ ಹೆಜ್ಜೆ ಕರುವಿನದರಷ್ಟು ಸಣ್ಣದಾಗುತ್ತಿತ್ತು. ಮೊದಲಿನಿಂದಲೇ ಒಂದಿಷ್ಟು ಒತ್ತಿ ಹಾಕಿದರೆ ಸರಿಹೋಗುತ್ತಿತ್ತೇನೋ. ಕೈಗೆ ಕೂತ ಅಳತೆ ಬಿಡಲಿಲ್ಲ. ಯಾರೂ ಗಮನಿಸಲೂ ಇಲ್ಲ. ನನ್ನ ರಂಗೋಲಿಯನ್ನು ಅಷ್ಟು ಹೊತ್ತು ನಿಂತು ನೋಡುವವರಾದರೂ ಯಾರಿದ್ದರು?

ವ್ರತಕ್ಕೆ ಇನ್ನೊಂದು ನೇಮವಿತ್ತು. ನಾವು ಹೆಂಗಸರು ತಿಂಗಳಿಗೊಮ್ಮೆ ಮೂರು ದಿನ ಹೊರಗೆ ಕೂಡುತ್ತಿದ್ದ ಕಾಲ ಅದು. ಆಗ ತುಳಸಿಯ ಹತ್ತಿರ ಸುಳಿಯುವಂತಿಲ್ಲ. ವ್ರತ ಮಾತ್ರ ಒಂದು ದಿನವೂ ತಪ್ಪಬಾರದು. ಹಾಗಾಗಿ ಆ ಮೂರು ದಿನ ಮನೆಯ ಇನ್ನೊಬ್ಬ ಹೆಂಗಸು ವ್ರತದವಳ ಪರವಾಗಿ ಹೆಜ್ಜೆ ಬರೆಯಬೇಕು. ಮೊದಲ ನಾಲ್ಕು ವರ್ಷ ಅತ್ತೆಯವರು ಬರೆದರು. ಐದನೆಯ ವರ್ಷ ಅವರ ಮೊಣಕಾಲು ಬಗ್ಗದಾಯಿತು. ಕೆಲಸ ಗೋದೂಗೆ ಬಂತು.

ನಾನು ಕೂಡುತ್ತಿದ್ದದ್ದು ಅಂಗಳದ ಆಚೆ ಮೂಲೆಯ ಕಟ್ಟಿಗೆ ಕೋಣೆಯಲ್ಲಿ. ಬಾಗಿಲ ಸಂದಿಯಿಂದ ತುಳಸಿ ಕಟ್ಟೆ ಅರ್ಧ ಕಾಣುತ್ತಿತ್ತು, ಮಾತು ಪೂರ್ತಿ ಕೇಳುತ್ತಿತ್ತು. ಶ್ರಾವಣದ ಆ ಬೆಳಿಗ್ಗೆ ಗೋದೂ ರಂಗೋಲಿ ಡಬ್ಬಿ ಹಿಡಿದು ಕೂತವಳು ಸಾಲನ್ನೇ ಹಾಕಲಿಲ್ಲ. ಬೀದಿ ಬಾಗಿಲಿನಿಂದ ಶುರುಮಾಡಿದಳು. ಒಂದು ಹೆಜ್ಜೆ ಇಲ್ಲಿ, ಒಂದು ಅಲ್ಲಿ. ಬಾವಿಯ ಹತ್ತಿರ ನಾಲ್ಕು ಹೆಜ್ಜೆ ಒತ್ತೊತ್ತಾಗಿ, ಆಕಳು ನೀರು ಕುಡಿಯಲು ನಿಂತ ಹಾಗೆ. ಅಲ್ಲಿಂದ ತಿರುಗಿ, ಒಂದಿಷ್ಟು ಅಡ್ಡಾಡಿ, ಕಡೆಗೆ ತುಳಸಿಯ ಮುಂದೆ ಬಂದು ಮುಗಿಯಿತು. ಲೆಕ್ಕ ಸರಿಯಾಗಿ ಮೂವತ್ತಮೂರೇ.

ಈಗ ಬೈಸಿಕೊಳ್ಳುತ್ತಾಳೆ ಎಂದು ನಾನು ಕೋಣೆಯಲ್ಲಿ ಹಿಗ್ಗಿ ಕೂತೆ. ಅತ್ತೆಯವರು ಬಂದರು, ನಿಂತರು, ಬಾಗಿಲಿನಿಂದ ತುಳಸಿಯವರೆಗೆ ಕಣ್ಣು ಹಾಯಿಸಿದರು. "ಆಕಳ ಮನ್ಯಾಗ ನಡಕೋತ ಬಂದದ," ಅಂದರು. "ಭಾಳ ಛಲೋ ಆತು."

ಭಾಳ ಛಲೋ! ನನಗೆ ಇಷ್ಟು ವರ್ಷಕ್ಕೆ ಸಿಕ್ಕಿದ್ದು ಒಂದು "ಹೂಂ", ಅದೂ ಹಪ್ಪಳಕ್ಕೆ. ಮಧ್ಯಾಹ್ನದ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಬಂದು ನೋಡಿ ಹೋದರು. ಪಕ್ಕದ ಚಂದಾಪುರದಿಂದ ಕೂಡ ಇಬ್ಬರು ಬಂದರು. ಹೊಟ್ಟೆ ಉರಿಯುತ್ತದೆ ಎನ್ನುತ್ತಾರಲ್ಲ, ಅದು ಬರೀ ಮಾತಲ್ಲ. ಅವತ್ತು ಬಡಿಸಿದ ಅನ್ನ ನನಗೆ ಸೇರಲಿಲ್ಲ.

ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಡಬ್ಬಿ ಹಿಡಿದು ಬೀದಿ ಬಾಗಿಲಿಗೆ ಹೋಗಿ ಕೂತೆ. ಅವಳ ಆಕಳು ನಡೆದರೆ ನನ್ನದೇಕೆ ನಡೆಯಬಾರದು? ನಡೆಸಿದೆ. ಮುಗಿಸಿ ನಿಂತು ನೋಡುತ್ತಿರುವಾಗ ರಹಮತ್ ಬೀ ಬಾಗಿಲಲ್ಲಿ ಇಣುಕಿದಳು. ಬಹಳ ಹೊತ್ತು ನೋಡಿದಳು. ಪಾಪ, ಅವಳಿಗೆ ಸುಳ್ಳು ಹೇಳಿ ಗೊತ್ತಿಲ್ಲ.

"ಬೇಟಿ, ನಿಂದು ಆಕಳ ಕುಂಟಾಕತ್ತದಲ್ಲ?"

ಮರುದಿನದಿಂದ ಮತ್ತೆ ಮೂರು ಸಾಲು. ಅವತ್ತೇ ನಾನು ಒಂದು ನಿಶ್ಚಯ ಮಾಡಿದೆ. ವ್ರತದ ಕಡೆಯ ದಿನ ಕಾರ್ತಿಕದ ದ್ವಾದಶಿ, ತುಳಸಿ ಲಗ್ನದ ದಿನ. ಇಡೀ ಓಣಿ ನಮ್ಮ ಅಂಗಳದಲ್ಲಿ ಸೇರುತ್ತದೆ. ಆ ದಿನದ ಹೆಜ್ಜೆ ನನ್ನ ಕೈಯದೇ ಆಗಿರಬೇಕು. ಐದು ವರ್ಷ ಬೆನ್ನು ಬಗ್ಗಿಸಿ ಹಾಕಿದ ಸಾಲು ಹೇಗಿರುತ್ತದೆಂದು ಒಮ್ಮೆಯಾದರೂ ಎಲ್ಲರೂ ನೋಡಲಿ. ನನಗೆ ಬೇಕಾಗಿದ್ದದ್ದು ಅಷ್ಟೇ.

ಏಕಾದಶಿಯ ದಿನ ನಾನು ಹೊರಗಾದೆ.

ವ್ರತ ಮುಗಿಸುವ ಪೂಜೆ, ಉದ್ಯಾಪನೆಯನ್ನು ಹುಣ್ಣಿಮೆಗೆ ಇಟ್ಟುಕೊಂಡರಾಯಿತು ಎಂದರು ಅತ್ತೆಯವರು. ಉದ್ಯಾಪನೆ ಮುಂದೆ ಹೋಗಬಹುದು, ಕಡೆಯ ದಿನದ ಹೆಜ್ಜೆ ಮುಂದೆ ಹೋಗುವಂತಿಲ್ಲ. ದ್ವಾದಶಿಯ ಬೆಳಿಗ್ಗೆ ಗೋದೂ ಅಂಗಳಕ್ಕೆ ಇಳಿದ ಬಳೆ ಸದ್ದು ಕೇಳಿತು. ಒಣಗಿದ ಫರಸಿಯ ಮೇಲೆ ನೀರು ಬಿತ್ತು. ಆ ವಾಸನೆ ಕಟ್ಟಿಗೆ ಕೋಣೆಗೆ ಬಂತು. ನಾನು ಸಂದಿಗೆ ಬೆನ್ನು ಮಾಡಿ ಕೂತು ಅತ್ತುಬಿಟ್ಟೆ. ವ್ರತ ಮುಗಿಯುತ್ತಿದೆ ಎಂಬ ಭಕ್ತಿಯಿಂದಲ್ಲ, ಸಿಟ್ಟಿನಿಂದ.

ಸಂಜೆ ಹೆಂಗಸರು ಬರತೊಡಗಿದರು. ಗೋದೂಬಾಯಿಯ ಆಕಳು ಇವತ್ತು ಯಾವ ದಾರಿಯಿಂದ ಬಂದಿದೆ ನೋಡೋಣ ಎಂದು ಮಕ್ಕಳನ್ನು ಎತ್ತಿಕೊಂಡೇ ಬಂದಿದ್ದರು. ಗಲಗಲ ಮಾತು ಅಂಗಳಕ್ಕೆ ಬಂದು ಒಮ್ಮೆಲೇ ನಿಂತಿತು. ಆಮೇಲೆ ಯಾರೋ ಅಂದರು: "ಅಯ್ಯ, ಬರೇ ಸಾಲ ಹಾಕ್ಯಾಳಲ್ಲ!"

ನನಗೆ ತಡೆಯಲಾಗಲಿಲ್ಲ. ಕಟ್ಟಿಗೆ ರಾಶಿಯ ಮೇಲೆ ಹತ್ತಿ, ಬಾಗಿಲ ಮೇಲಿನ ಕಿಂಡಿಯಿಂದ ನೋಡಿದೆ. ತುಳಸಿಯ ಮುಂದೆ ಮೂರು ಸಾಲು. ದಾರ ಹಿಡಿದು ಎಳೆದಷ್ಟು ನೇರ. ನನ್ನದೇ ಅಳತೆ, ನನ್ನದೇ ಬಾದಾಮಿ ಬೀಜ. ನೋಡುತ್ತ ನೋಡುತ್ತ ಕಣ್ಣು ಮೂರನೆಯ ಸಾಲಿನ ಕೊನೆಗೆ ಹೋಯಿತು. ಕಂಬದ ಬುಡದಲ್ಲಿ ಕಡೆಯ ಹೆಜ್ಜೆ, ಕರುವಿನದರಷ್ಟು ಸಣ್ಣದು.

ಅವಳಿಗೆ ಜಾಗ ಸಾಲದೆ ಆದದ್ದಲ್ಲ ಅದು. ಇಡೀ ಅಂಗಳವನ್ನು ಅಳೆದು ಮೂವತ್ತಮೂರು ಹೆಜ್ಜೆಯಲ್ಲಿ ಆಕಳನ್ನು ನಡೆಸಿದವಳಿಗೆ ಒಂದು ಕಂಬ ಲೆಕ್ಕಕ್ಕೆ ಬರಲಿಲ್ಲವೇ? ಬೇಕೆಂದೇ ಸಣ್ಣದು ಮಾಡಿದ್ದಳು. ದಿನಾಲೂ ನೋಡಿದ್ದಳು ಎಂದಾಯಿತು. ಅತ್ತೆಯವರು ನೋಡದ್ದನ್ನು, ಓಣಿ ನೋಡದ್ದನ್ನು, ಅವಳು ನಿಂತು ನೋಡಿದ್ದಳು.

ಊಟದ ತಾಟನ್ನು ದೂರದಲ್ಲಿಟ್ಟು ಸರಿಯುತ್ತಿದ್ದ ಗೋದೂಳನ್ನು ಕೇಳಿದೆ, "ಯಾಕ ಗೋದೂ, ನಿನ್ನ ಆಕಳ ಎಲ್ಲಿ ಹೋತು?"

"ವ್ರತಾ ನಿಮ್ದಲ್ರಿ ಅಕ್ಕಾ," ಅಂದಳು. "ಕಡೀ ದಿನಾ ಎಲ್ಲಾರೂ ನಿಮ್ಮ ಕೈ ನೋಡ್ಲಿ ಅಂತ ಹಾಕ್ದೆ." ಆಮೇಲೆ ಬೆರಳು ಮಡಚಿ ಬಿಚ್ಚಿ ನೋಡಿಕೊಂಡು, "ಸಾಕವ್ವಾ ಸಾಕು! ಒಂದ ದಿನಕ್ಕ ಕೈ ಸೆಟಗೊಂಡದ. ಇನ್ನ ನನಗ ಈ ರಂಗೋಲಿ ಸಹವಾಸ ಬ್ಯಾಡ. ನಾಳಿಂದ ಮಣ್ಣಿನ ಗೊಂಬಿ ಮಾಡ್ತೀನಿ."

ಇಲ್ಲಿ ನನ್ನ ಹೊಟ್ಟೆಕಿಚ್ಚು ಆರಿತು ಎಂದು ಬರೆದರೆ ನಿಮಗೂ ಸಮಾಧಾನ, ನನಗೂ ಮರ್ಯಾದೆ. ಆರಲಿಲ್ಲ. ಹೆಚ್ಚಾಯಿತು. ಗಿಣಿ ಅವಳದು, ಹಾರ್ಮೋನಿಯಂ ಅವಳದು, ನಡೆಯುವ ಆಕಳೂ ಅವಳದು. ನೇರ ಸಾಲಾದರೂ ನನ್ನದು ಎಂದುಕೊಂಡಿದ್ದೆ. ಅದೂ ಬರುತ್ತಿತ್ತು ಅವಳಿಗೆ, ನನ್ನ ತಪ್ಪಿನ ಸಮೇತ! ನನ್ನ ಮೇಲಿನ ಪ್ರೀತಿಯಿಂದ ಮಾಡಿದ್ದಾಳೆಂದು ತಿಳಿದ ಮೇಲೆ ಬೈಯುವ ಸುಖವೂ ಹೋಯಿತು.

ಮುಂದೆ ಮೈದುನನಿಗೆ ಸೇಡಂಗೆ ವರ್ಗವಾಯಿತು, ಗೋದೂ ಹೋದಳು. ಮಣ್ಣಿನ ಗೊಂಬೆ ಬಿಟ್ಟಳಂತೆ, ಕಾಗದದ ಹೂವು ಹಿಡಿದಳಂತೆ, ಅದನ್ನೂ ಬಿಟ್ಟು ಹುಡುಗಿಯರಿಗೆ ಕೋಲಾಟ ಕಲಿಸುತ್ತಾಳಂತೆ, ಹೀಗೆ ಸುದ್ದಿ ಬರುತ್ತಿತ್ತು. ಒಂದೊಂದು ಸುದ್ದಿಗೂ ನನಗೆ ಒಳಗೆ ಒಂದು ಚುರುಕು. ಇಷ್ಟು ಬಿಟ್ಟವಳಿಗೆ ಹಿಡಿಯಲು ಇನ್ನೂ ಎಷ್ಟು ಉಳಿದಿತ್ತು! ನಾನು ಏನನ್ನೂ ಬಿಟ್ಟವಳಲ್ಲ. ಬಿಡಬೇಕಾದರೆ ಮೊದಲು ಹಿಡಿಯಬೇಕಲ್ಲ, ನಾನು ನನ್ನ ಆಸೆಯಿಂದ ಹಿಡಿದದ್ದಾದರೂ ಏನು?

ಈಗ ನಿನ್ನೆಗೆ ಬರುತ್ತೇನೆ. ಸೊಸೆ ಈ ವರ್ಷ ಗೋಪದ್ಮ ಹಿಡಿದಿದ್ದಾಳೆ. ನಿನ್ನೆ ಫರಸಿ ತೊಳೆದವಳು ಸಂಜೆಗೆ ದೂರ ಸರಿದು ನಿಂತಳು. "ಅತ್ತೀ, ನಾಳಿಂದ ಮೂರು ದಿನಾ ನೀವೇ ಹಾಕಬೇಕ್ರಿ."

"ನೀ ಹ್ಯಾಂಗ ಹಾಕ್ತಿ ಹೇಳು, ಹಂಗೇ ಹಾಕ್ತೀನಿ," ಅಂದೆ. ಗೋದೂ ಕಲಿಸಿದ ಪಾಠ ಮರೆತಿರಲಿಲ್ಲ.

"ನಂದೇನು ಹಂಗ ಹಿಂಗ ಅಂತ ಇಲ್ರಿ. ನಿಮಗ ಹ್ಯಾಂಗ ಮನಸ್ಸದ, ಹಂಗ ಹಾಕ್ರಿ."

ನಿಮಗೆ ಹೇಗೆ ಮನಸ್ಸಿದೆಯೋ ಹಾಗೆ. ಈ ಮನೆಯಲ್ಲಿ ನನಗೆ ಯಾರೂ ಅಂದಿರದ ಮಾತು. ನಾನೇ ನನಗೆ ಅಂದುಕೊಂಡದ್ದೂ ಇಲ್ಲ.

ಇವತ್ತು ಬೆಳಿಗ್ಗೆ ಡಬ್ಬಿ ಹಿಡಿದು ತುಳಸಿಯ ಮುಂದೆ ಕೂತೆ. ಕೈ ತಾನಾಗಿ ಮೊದಲ ಸಾಲಿಗೆ ಹೋಯಿತು. ತಡೆದೆ. ಎದ್ದು, ಗೋಡೆ ಹಿಡಿದುಕೊಂಡು, ಬೀದಿ ಬಾಗಿಲಿಗೆ ಹೋಗಿ ಕೂತೆ. ಒಂದು ಹೆಜ್ಜೆ ಹಾಕಿದೆ. ಇನ್ನೊಂದು. ಬಾವಿಯ ಹತ್ತಿರ ಒಂದಿಷ್ಟು ನಿಲ್ಲಿಸಿದೆ. ಬೆನ್ನು ನೋಯುತ್ತಿತ್ತು. ಗೋದೂ ಇದ್ದಿದ್ದರೆ ಇದಕ್ಕಿಂತ ಎಷ್ಟೋ ಚೆನ್ನಾಗಿ ಹಾಕುತ್ತಿದ್ದಳು ಎಂಬ ಉರಿಯೂ ಪಕ್ಕದಲ್ಲೇ ಕುಕ್ಕುರಗಾಲಿನಲ್ಲಿ ಕೂತಿತ್ತು. ಇರಲಿ ಎಂದು ಮುಂದೆ ಹೋದೆ.

ಮುಗಿಸಿ ತಲೆ ಎತ್ತಿದಾಗ ಸೊಸೆ ಆಚೆ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಗು ತಡೆದುಕೊಂಡು ಅಂದಳು, "ಅತ್ತೀ, ಆಕಳ ಕುಂಟಾಕತ್ತದಲ್ರಿ?"

"ಕುಂಟ್ಲಿ ಬಿಡವ್ವಾ," ಅಂದೆ. "ಹೊಂಟದಲ್ಲ."